ಅರ್ಥವಾಗಿದೆ ಎಂದು ಸಹಿ ಹಾಕಿದವರು

ಸಾಂತಾಕ್ರೂಜ್ ಪೂರ್ವದಲ್ಲಿ, ವಕೋಲಾದಿಂದ ಕಲೀನಾದ ತನಕ, ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಕಟ್ಟಡ ಉರುಳುವ ಮೊದಲು ಒಂದು ಕಾಗದದ ಕಟ್ಟು ಮನೆಗೆ ಬರುತ್ತದೆ. ರೀಡೆವಲಪ್‌ಮೆಂಟ್ ಕರಾರು ಎಂದು ಅದಕ್ಕೆ ಹೆಸರು. ನೂರಿಪ್ಪತ್ತು, ಕೆಲವೊಮ್ಮೆ ನೂರೈವತ್ತು ಪುಟ. ಪ್ರತಿ ಪುಟದ ಅಡಿಯಲ್ಲಿ ಸದಸ್ಯನ ಸಹಿ ಬೀಳಬೇಕು. ಇಂಥ ಕಾಗದಗಳ ಕೊನೆಯ ಪುಟಗಳಲ್ಲಿ ಎಲ್ಲೋ ಒಂದು ವಾಕ್ಯವನ್ನು ಸೇರಿಸುವ ರೂಢಿಯುಂಟು: ಮೇಲಿನದೆಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನಾನು ಅದನ್ನು ಅರ್ಥಮಾಡಿಕೊಂಡು ಒಪ್ಪಿದ್ದೇನೆ. ವಿಮೆಯ ಅರ್ಜಿಯಲ್ಲಿ, ಸಾಲದ ಪತ್ರದಲ್ಲಿ ಕೂಡ ಇದೇ ವಾಕ್ಯದ ತಮ್ಮಂದಿರನ್ನು ಕಾಣಬಹುದು. ನಾನು ಕಂಡ ಕರಾರುಗಳಲ್ಲೆಲ್ಲ ಈ ವಾಕ್ಯ ಇಂಗ್ಲಿಷಿನಲ್ಲಿತ್ತು.

ತನಗೆ ತಿಳಿಯುವ ಭಾಷೆಯಲ್ಲಿ ತನಗೆ ಹೇಳಲಾಗಿದೆ ಎಂದು ಒಬ್ಬ ಮನುಷ್ಯ ತನಗೆ ತಿಳಿಯದ ಭಾಷೆಯಲ್ಲಿ ಪ್ರಮಾಣ ಮಾಡುತ್ತಾನೆ. ಇದನ್ನು ಹಾಸ್ಯವೆಂದು ನಕ್ಕು ಬಿಡುವವರಿದ್ದಾರೆ. ಆ ಸಹಿಯ ಹಿಂದೆ ಒಂದು ಮನೆಯಿದೆ; ಮುಂಬಯಿಯಲ್ಲಿ ಮನೆಯೆಂದರೆ ಒಬ್ಬನ ನಲವತ್ತು ವರ್ಷದ ದುಡಿಮೆಯ ಒಟ್ಟು ಮೊತ್ತ. ಆದ್ದರಿಂದ ನನಗೆ ನಗು ಬರುವುದಿಲ್ಲ.

ವ್ಯವಹಾರದ ಬರವಣಿಗೆಯನ್ನು ಕಲಿಸುವ ಪುಸ್ತಕಗಳೆಲ್ಲ ಮೊದಲ ಅಧ್ಯಾಯದಲ್ಲೇ ಒಂದು ಮಾತು ಹೇಳುತ್ತವೆ. ಬರೆಯುವುದಕ್ಕೆ ಮುನ್ನ ಓದುಗ ಯಾರೆಂದು ತಿಳಿದುಕೋ. ಅವನಿಗೆ ಈಗಾಗಲೇ ಏನು ಗೊತ್ತು, ಏನು ಬೇಕು, ಓದಿದ ಮೇಲೆ ಅವನು ಏನು ಮಾಡಬೇಕು ಎಂದು ಯೋಚಿಸು. ನಮ್ಮ ಸೊಸೈಟಿಗಳ ಕಾಗದಪತ್ರಗಳನ್ನು ಟೀಕಿಸುವವರು ಸಾಮಾನ್ಯವಾಗಿ, ಈ ಪಾಠವನ್ನು ಬರೆದವರು ಮರೆತಿದ್ದಾರೆ ಎನ್ನುತ್ತಾರೆ. ನನ್ನ ವಾದ ಬೇರೆ. ಅವರು ಏನನ್ನೂ ಮರೆತಿಲ್ಲ. ಆ ಕರಾರನ್ನು ಬರೆದವರಿಗೆ ತಮ್ಮ ಓದುಗರು ಯಾರೆಂದು ಚೆನ್ನಾಗಿ ಗೊತ್ತು. ಸಾಲ ಕೊಡುವ ಬ್ಯಾಂಕಿನ ವಕೀಲರು ಅದನ್ನು ಓದುತ್ತಾರೆ, ಸ್ಟಾಂಪ್ ಶುಲ್ಕದ ಅಧಿಕಾರಿ ಓದುತ್ತಾನೆ, ಮುಂದೆ ತಕರಾರು ಬಂದರೆ ನ್ಯಾಯಾಲಯ ಓದುತ್ತದೆ. ಈ ಪ್ರತಿಯೊಬ್ಬನಿಗೂ ಬೇಕಾದದ್ದು ಅದರಲ್ಲಿ ಅಚ್ಚುಕಟ್ಟಾಗಿ ಇದೆ. ಸದಸ್ಯ ಮಾತ್ರ ಓದುವುದಿಲ್ಲ ಎಂಬುದೂ ಅವರಿಗೆ ಗೊತ್ತು, ಮತ್ತು ಆ ತಿಳಿವಳಿಕೆಯ ಮೇಲೆಯೇ ಇಡೀ ಕಾಗದ ನಿಂತಿದೆ.

ಈ ವಿಷಯದಲ್ಲಿ ಕಾನೂನಿನ ನಡವಳಿಕೆಯೂ ಕುತೂಹಲಕರ. 1908ರ ನೋಂದಣಿ ಕಾಯ್ದೆಯ 19ನೆಯ ಕಲಮನ್ನು ನೋಡಿ. ನೋಂದಣಾಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿ ದಸ್ತಾವೇಜು ಇದ್ದರೆ, ಬಳಕೆಯ ಭಾಷೆಯ ನಿಜವಾದ ಅನುವಾದ ಜೊತೆಗಿಲ್ಲದೆ ಅವನು ಅದನ್ನು ನೋಂದಾಯಿಸಬಾರದು. ಅಂದರೆ ಮೊಹರು ಒತ್ತುವವನಿಗೆ ಅರ್ಥವಾಗಲೇಬೇಕು ಎಂದು ಶಾಸನವೇ ಹೇಳುತ್ತದೆ. ಮನೆ ಬಿಟ್ಟುಕೊಡುವವನಿಗೆ ಅಂಥದೊಂದು ಅನುವಾದ ಜೊತೆಗಿರಬೇಕು ಎಂದು ಆ ಕಲಮು ಹೇಳುವುದಿಲ್ಲ. 1872ರ ಕರಾರು ಕಾಯ್ದೆ ಸಮ್ಮತಿಯನ್ನು ವಿವರಿಸುವಾಗ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು ಎನ್ನುತ್ತದೆ. ಪರದೆಯೊಳಗಿನ ಹೆಂಗಸರು, ಓದುಬರಹ ಬಾರದವರು ಸಹಿ ಮಾಡಿದ ಪತ್ರಗಳ ಮಟ್ಟಿಗೆ, ಅವರಿಗೆ ವಿವರಿಸಿ ಹೇಳಲಾಗಿತ್ತು ಎಂದು ಸಾಬೀತುಪಡಿಸುವ ಹೊಣೆಯನ್ನು ನ್ಯಾಯಾಲಯಗಳು ಪತ್ರದ ಲಾಭ ಪಡೆಯುವವರ ಮೇಲೆಯೇ ಹೊರಿಸಿವೆ. ಸಾಂತಾಕ್ರೂಜಿನ ನಮ್ಮ ಹಿರಿಯ ಇದ್ಯಾವುದಕ್ಕೂ ಸುಲಭವಾಗಿ ಸಲ್ಲುವವನಲ್ಲ. ಅವನು ಅನಕ್ಷರಸ್ಥನಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವನು. ದಿನವೂ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದ ತನಕ ಓದುವವನು. ಕನ್ನಡದಲ್ಲಿ ದುಂಡಾಗಿ ಸಹಿ ಹಾಕುತ್ತಾನೆ. ಓದು ಬಲ್ಲವನು ತಾನು ಓದಲಾರದ ಕಾಗದಕ್ಕೆ ಸಹಿ ಹಾಕಿದರೆ ಆ ಸ್ಥಿತಿಗೆ ಏನೆಂದು ಕರೆಯಬೇಕು? ಹೆಬ್ಬೆಟ್ಟು ಒತ್ತಿದ್ದರೆ ಅವನ ಪರವಾಗಿ ಕೇಳುವವರು ಹೆಚ್ಚಿರುತ್ತಿದ್ದರೇನೋ.

ಅವನಿಗೆ ತಿಳಿಯಬೇಕಾದ ಸಂಗತಿಗಳು ನೂರೈವತ್ತು ಪುಟದಷ್ಟಿಲ್ಲ. ಮನೆ ಎಷ್ಟು ದೊಡ್ಡದು, ಯಾವಾಗ ಸಿಗುತ್ತದೆ, ಅಲ್ಲಿಯ ತನಕ ಬಾಡಿಗೆ ಯಾರು ಕೊಡುತ್ತಾರೆ, ಬಿಲ್ಡರ್ ಅರ್ಧಕ್ಕೆ ಕೈಬಿಟ್ಟರೆ ಏನು ಗತಿ. ಈ ಪ್ರಶ್ನೆಗಳನ್ನು ಹಿಡಿದುಕೊಂಡು ಆ ಕಾಗದದೊಳಗೆ ಇಳಿದು ನೋಡೋಣ.

ಮೊದಲನೆಯದು ಅಳತೆ. ಸಭೆಯಲ್ಲಿ ‘ಈಗ ಇರುವುದಕ್ಕಿಂತ ಶೇಕಡಾ 35 ಹೆಚ್ಚು’ ಎಂದು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಯಾವುದರ ಶೇಕಡಾ 35? ಎಪ್ಪತ್ತರ ದಶಕದ ಕಟ್ಟಡದಲ್ಲಿ ‘ನನ್ನ ರೂಮು 400 ಚದರಡಿ’ ಎಂದು ಹಿರಿಯರು ಹೇಳುವಾಗ ಅವರ ಲೆಕ್ಕ ಗೋಡೆಯಿಂದ ಗೋಡೆಗೆ, ಕಾಲಿಡಬಹುದಾದ ನೆಲದ್ದು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ, ಆದರೆ ಒಳಗಿನ ವಿಭಜಕ ಗೋಡೆಗಳ ಜಾಗ ಸೇರುತ್ತದೆ. ಹೊಸ ಮನೆಯಲ್ಲಿ ಕೋಣೆ ಹೆಚ್ಚಾದಷ್ಟೂ ಒಳಗೋಡೆ ಹೆಚ್ಚು. ಲೆಕ್ಕಕ್ಕೆಂದು ಹೇಳುವುದಾದರೆ, 540 ಚದರಡಿಯ ಹೊಸ ಮನೆಯಲ್ಲಿ ಒಳಗೋಡೆಗೆ 25 ಹೋದರೆ ಉಳಿಯುವುದು 515. ಇದರಲ್ಲಿ ಮೋಸವಿಲ್ಲ, ಕಾಯ್ದೆಯ ಅಳತೆಯೇ ಹಾಗೆ. ಆದರೆ ಹಿರಿಯನ ಮನಸ್ಸಿನ ಅಳತೆಗೂ ಕಾಗದದ ಅಳತೆಗೂ ನಡುವೆ ಒಂದು ಕಪಾಟಿನ ಜಾಗ, ಒಂದು ಚಾಪೆಯ ಜಾಗ ಮಾಯವಾಗಿದೆ, ಅದನ್ನು ಅವನಿಗೆ ಯಾರೂ ಹೇಳಿಲ್ಲ. ಇನ್ನೊಂದು ಸಂಗತಿ: ಮುಂಬಯಿಯ ಅಭಿವೃದ್ಧಿ ನಿಯಮಾವಳಿಯಲ್ಲಿ ವಾಸದ ಕಟ್ಟಡಗಳಿಗೆ ‘ಫಂಜಿಬಲ್’ ಎಂಬ ಹೆಚ್ಚುವರಿ ಕ್ಷೇತ್ರ ಶೇಕಡಾ 35ರ ತನಕ ಉಂಟು, ಮತ್ತು ಹಳೆಯ ನಿವಾಸಿಗಳ ಪಾಲಿಗೆ ಅದು ಪ್ರೀಮಿಯಂ ಇಲ್ಲದೆ ಸಿಗುತ್ತದೆ. ನಿಯಮವೇ ಕೊಡುವುದನ್ನು ಬಿಲ್ಡರ್ ತನ್ನ ಔದಾರ್ಯವೆಂದು ಸಾರಿದಾಗ ನಾವು ಅವನ ಕೊರಳಿಗೆ ಹಾರ ಹಾಕುತ್ತೇವೆ. ‘ಫಂಜಿಬಲ್’ ಎಂಬ ಪದವನ್ನು ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿದ್ದರೆ ಆ ಹಾರದ ದುಡ್ಡಾದರೂ ಉಳಿಯುತ್ತಿತ್ತು.

ಎರಡನೆಯದು ಕಾಲ. ‘36 ತಿಂಗಳಲ್ಲಿ ಮನೆ’ ಎಂಬುದು ಸಭೆಯ ಮಾತು. ಕರಾರಿನೊಳಗೆ ಹುಡುಕಿದರೆ 36 ತಿಂಗಳು ಶುರುವಾಗುವುದು ಹಲವು ಕಡೆ ಪೂರ್ಣ ಕಾಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಕೈಸೇರಿದ ದಿನದಿಂದ. ಮುಂಬಯಿಯಲ್ಲಿ ಈ ಪತ್ರ ಹಂತ ಹಂತವಾಗಿ ಬರುತ್ತದೆ, ಮೊದಲು ಅಡಿಪಾಯದ ಮಟ್ಟಕ್ಕೆ, ಆಮೇಲೆ ಮೇಲಕ್ಕೆ. ಸಾಂತಾಕ್ರೂಜಿನಲ್ಲಿ ಇದರ ಮೇಲೆ ವಿಮಾನ ನಿಲ್ದಾಣದ ಎತ್ತರದ ಮಿತಿಯೂ ಇದೆ. ವಿಮಾನಗಳು ಇಳಿಯುವ ಹಾದಿಯ ಕೆಳಗಿನ ಕಟ್ಟಡಗಳು ಬೇಕಾದಷ್ಟು ಮೇಲೇಳಲಾರವು, ಅನುಮತಿಗೆ ಕಾಯಬೇಕು. ಹೀಗೆ ಸದಸ್ಯ ಮನೆ ಖಾಲಿ ಮಾಡಿದ ದಿನ ಒಂದು, ತಿಂಗಳ ಎಣಿಕೆ ಆರಂಭವಾಗುವ ದಿನ ಮತ್ತೊಂದು. ಎಪ್ಪತ್ತೆರಡು ವರ್ಷದವನಿಗೆ ಈ ಎರಡು ದಿನಗಳ ನಡುವಿನ ಅಂತರ ಅವನ ಉಳಿದ ಆಯುಷ್ಯದ ದೊಡ್ಡ ಪಾಲು. ಆದರೂ ಅದು 58ನೆಯ ಪುಟದ ವ್ಯಾಖ್ಯೆಯ ಕಲಮಿನೊಳಗೆ, ಆವರಣದಲ್ಲಿ ಕುಳಿತಿರುತ್ತದೆ.

ಬಾಡಿಗೆಯ ಮಾತು ಬೇಗ ಮುಗಿಯುತ್ತದೆ: ಸಾಮಾನ್ಯವಾಗಿ ಹನ್ನೊಂದೋ ಹನ್ನೆರಡೋ ತಿಂಗಳಿನ ಮುಂಗಡ ದಿನಾಂಕದ ಚೆಕ್ಕುಗಳು ಕೈಗೆ ಬರುತ್ತವೆ, ಆಮೇಲಿನದು ನಂಬಿಕೆ. ನಾಲ್ಕನೆಯ ಪ್ರಶ್ನೆಗೆ ಸರಕಾರ ಉತ್ತರ ಕೊಟ್ಟಿತ್ತು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನಡಿ 2009ರ ಜನವರಿ 3ರಂದು ಹೊರಟ ನಿರ್ದೇಶನದಲ್ಲಿ, ಯೋಜನಾ ವೆಚ್ಚದ ಶೇಕಡಾ 20ರಷ್ಟು ಬ್ಯಾಂಕ್ ಗ್ಯಾರಂಟಿಯನ್ನು ಬಿಲ್ಡರ್ ಸೊಸೈಟಿಗೆ ಕೊಡಬೇಕು ಎಂದಿದೆ. ಎಷ್ಟು ಸದಸ್ಯರಿಗೆ ಇದು ಗೊತ್ತು? ನಿರ್ದೇಶನ ಮರಾಠಿಯಲ್ಲಿತ್ತು, ಕರಾರು ಇಂಗ್ಲಿಷಿನಲ್ಲಿತ್ತು, ಸದಸ್ಯ ಈ ಎರಡರ ನಡುವಿನ ಮೆಟ್ಟಿಲ ಮೇಲೆ ನಿಂತಿದ್ದ.

ಇದೇ ನಿರ್ದೇಶನವನ್ನು 2019ರ ಜುಲೈ 4ರಂದು ಪರಿಷ್ಕರಿಸಿದರು. ವಿಶೇಷ ಮಹಾಸಭೆಗೆ ಹದಿನಾಲ್ಕು ದಿನದ ನೋಟೀಸು, ಮೂರನೆಯ ಎರಡು ಪಾಲು ಸದಸ್ಯರ ಹಾಜರಿ, ಶೇಕಡಾ 51ರ ಒಪ್ಪಿಗೆ, ಸಭೆಯ ವಿಡಿಯೋ ಚಿತ್ರೀಕರಣ. ಒಳ್ಳೆಯ ಉದ್ದೇಶದ ನಿಯಮಗಳು. ಅವನ್ನು ಹಗುರ ಮಾಡಲಾರೆ. ಆದರೆ ವಿಡಿಯೋದಲ್ಲಿ ಸೆರೆಯಾಗುವುದು ಎತ್ತಿದ ಕೈಗಳು. ಯಾವ ಕೈ ಏನನ್ನು ತಿಳಿದು ಎದ್ದಿತು ಎಂಬುದು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಒಂದು ಸಭೆಯಲ್ಲಿ ಕುಳಿತಿದ್ದಾಗ ಪಕ್ಕದ ಹಿರಿಯರೊಬ್ಬರು ಕೈ ಎತ್ತುವ ಮುನ್ನ ನನ್ನತ್ತ ಬಾಗಿ, ‘ಈಗ ಯಾವುದಕ್ಕೆ ಮಾರಾಯ್ರೆ?’ ಎಂದು ಕೇಳಿದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಎಣಿಕೆ ಮುಗಿದಿತ್ತು, ಅವರ ಕೈಯೂ ಎಣಿಕೆಯಲ್ಲಿ ಸೇರಿತ್ತು.

ಸೊಸೈಟಿಯ ಸದಸ್ಯನ ಸ್ಥಿತಿಯೇ ಇದಾದರೆ ಜೋಪಡಿಯವರದ್ದು ಹೇಳುವುದೇ ಬೇಡ. ಸಾಂತಾಕ್ರೂಜ್ ಪೂರ್ವದ ಗೋಳಿಬಾರಿನಲ್ಲಿ, ಒಪ್ಪಿಗೆಯ ಸಹಿಗಳೇ ಖೋಟಾ ಎಂದು ನಿವಾಸಿಗಳು ಆರೋಪಿಸಿದರು. 2011ರ ಮೇ ತಿಂಗಳಲ್ಲಿ ಮೇಧಾ ಪಾಟ್ಕರ್ ಅವರು ಅಲ್ಲಿಯ ಜನರ ಪರವಾಗಿ ಉಪವಾಸ ಕುಳಿತರು. ಆಗ ಜೋಪಡಿ ಪುನರ್ವಸತಿಗೆ ಶೇಕಡಾ 70ರ ಒಪ್ಪಿಗೆ ಬೇಕಾಗಿತ್ತು. ಖೋಟಾ ಸಹಿ ಅಪರಾಧ ಎಂದು ನಾವೆಲ್ಲ ಒಪ್ಪುತ್ತೇವೆ. ಕೈ ನಿಜದ್ದಾಗಿದ್ದು ತಿಳಿವಳಿಕೆ ಇಲ್ಲದೆ ಬಿದ್ದ ಸಹಿಗೆ ನಾವು ‘ಬಹುಮತ’ ಎನ್ನುತ್ತೇವೆ.

ಈಗ ವಕೀಲರ ಉತ್ತರವನ್ನು ಕೇಳಬೇಕು, ಅದು ನಿರ್ಲಕ್ಷಿಸುವಂಥದ್ದಲ್ಲ. ಕಾನೂನಿನ ಭಾಷೆ ಹಾಗೇ ಇರಬೇಕು, ಒಂದೊಂದು ಪದಕ್ಕೂ ತೀರ್ಪುಗಳ ಇತಿಹಾಸವಿದೆ, ಸರಳ ಮಾಡಲು ಹೋದರೆ ಸಂದಿ ಬಿಡುತ್ತದೆ ಎನ್ನುತ್ತಾರೆ. ಇರಲಿ; ಆ ನೂರೈವತ್ತು ಪುಟ ಹಾಗೆಯೇ ಇರಲಿ. ಗಹನವಾದ ದಸ್ತಾವೇಜನ್ನೂ ಓದುಗನನ್ನು ನೆನೆದು ಬರೆಯಬಹುದೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ, ಮತ್ತು ಅವು ಇಂದಿನ ಮ್ಯಾನೇಜ್‌ಮೆಂಟ್ ಪುಸ್ತಕಗಳಿಗಿಂತ ಸಾವಿರ ವರ್ಷ ಹಳೆಯವು. ಗಂಗ ಅರಸರ ಹಲವು ತಾಮ್ರಪಟಗಳಲ್ಲಿ ರಾಜನ ವಂಶ, ಪರಾಕ್ರಮಗಳ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ದತ್ತಿಯ ಭೂಮಿಯ ಎಲ್ಲೆ ಹೇಳುವ ಕಡೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಲಿಗೆ ಯಾವ ಕೆರೆ, ತೆಂಕಲಿಗೆ ಯಾವ ಮರ, ಯಾವ ಬಂಡೆ. ಹೊಗಳಿಕೆ ಯಾರಿಗೂ ಅರ್ಥವಾಗದಿದ್ದರೆ ನಷ್ಟವಿಲ್ಲ. ಎಲ್ಲೆ ಅರ್ಥವಾಗದಿದ್ದರೆ ನಾಳೆ ಹೊಲದಲ್ಲಿ ಹೊಡೆದಾಟ. ಇಂದಿನ ಬಿಲ್ಡರನ ಕಾಗದಗಳಲ್ಲಿ ಇದು ತಲೆಕೆಳಗಾಗಿದೆ. ಹೊಗಳಿಕೆಯ ಭಾಗ, ಅಂದರೆ ಈಜುಕೊಳದ ಚಿತ್ರವಿರುವ ಬ್ರೋಶರು, ಮಗುವಿಗೂ ಅರ್ಥವಾಗುತ್ತದೆ. ಎಲ್ಲೆಯ ಭಾಗ ಯಾರಿಗೂ ಅರ್ಥವಾಗುವುದಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಉತ್ತರ ಕೊಂಕಣದ ‘ಗಧೇಗಾಳ್’ ಕಲ್ಲುಗಳನ್ನು ನೋಡಬಹುದು. ಶಿಲಾಹಾರರ ಕಾಲದ ಈ ದಾನಶಾಸನಗಳಲ್ಲಿ ಅಕ್ಷರದ ಜೊತೆಗೆ, ದಾನವನ್ನು ಮುರಿದವನ ಮನೆಯ ಹೆಂಗಸಿಗೆ ಕತ್ತೆಯಿಂದ ಆಗುವ ಗತಿಯನ್ನು ಚಿತ್ರದಲ್ಲಿ ಕೆತ್ತಿರುತ್ತಾರೆ. ಅಸಹ್ಯದ ಚಿತ್ರ, ಶಿಕ್ಷೆಯನ್ನು ಹೆಂಗಸಿನ ಮೇಲೆ ಹೊರಿಸಿದ್ದು ಇನ್ನೂ ಅಸಹ್ಯ. ಆದರೆ ಓದು ಬಾರದವನೂ ಈ ಕಲ್ಲಿನ ಮುಂದೆ ಹಾದುಹೋಗುತ್ತಾನೆ, ಅವನಿಗೂ ವಿಷಯ ಮುಟ್ಟಬೇಕು ಎಂಬ ಯೋಚನೆ ಆ ಶಿಲ್ಪಿಗಿತ್ತು.

ಪುರಾತನದ ಮಾತು ಬೇಡ ಎನ್ನುವವರಿಗೆ ನಮ್ಮ ತಂದೆ ತಾಯಂದಿರ ಕಾಲದ್ದೇ ಒಂದು ಉದಾಹರಣೆಯಿದೆ. ಸಾಂತಾಕ್ರೂಜಿನ ತುಳು-ಕನ್ನಡ ಕುಟುಂಬಗಳಲ್ಲಿ ಅನೇಕವು ದಕ್ಷಿಣ ಕನ್ನಡದ ಗೇಣಿ ಒಕ್ಕಲುಗಳಿಂದ ಬಂದವು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯ ನಂತರ ಒಕ್ಕಲು ತನ್ನ ಹಕ್ಕಿಗಾಗಿ ತುಂಬಬೇಕಾಗಿದ್ದದ್ದು ‘ನಮೂನೆ 7’. ಊರಿನಲ್ಲಿ ಅದಕ್ಕೆ ‘ಡಿಕ್ಲರೇಶನ್’ ಎಂದೇ ಹೆಸರು. ಭೂನ್ಯಾಯಮಂಡಲಿಯ ಮುಂದೆ ವಕೀಲರಿಗೆ ಪ್ರವೇಶವಿಲ್ಲ ಎಂದು ಆ ಕಾಯ್ದೆ ಹೇಳಿತ್ತು. ಮುಂದೆ ನ್ಯಾಯಾಲಯ ಆ ನಿಷೇಧವನ್ನು ತೆಗೆದುಹಾಕಿತು, ಅದು ಬೇರೆ ಮಾತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ‘ಡಿಕ್ಲರೇಶನ್ ಕೊಟ್ಟಾಯಿತೇ?’ ಎಂದು ಕೇಳುವಷ್ಟು ಆ ಕಾಗದ ತಿಳಿದಿತ್ತು, ಅದರ ಕೊನೆಯ ದಿನ 1979ರ ಜೂನ್ 30 ಎಂಬುದೂ ಸೇರಿ. ಗೇಣಿ, ಸಾಗುವಳಿ, ಸರ್ವೆ ನಂಬರು ಅವಳ ದಿನನಿತ್ಯದ ಪದಗಳಾಗಿದ್ದವು, ಕಾಗದ ಅವಳ ಪದಗಳಲ್ಲೇ ಅವಳನ್ನು ಕೇಳುತ್ತಿತ್ತು. ಅದೇ ಅಜ್ಜಿಯ ಮಗ ವಕೋಲಾದಲ್ಲಿ ತನ್ನ ಮನೆಯ ಕಾಗದದ ಮುಂದೆ ಮೂಕನಾಗಿದ್ದಾನೆ.

ಕಮಿಟಿಯವರ ಇನ್ನೊಂದು ಉತ್ತರವೂ ಉಂಟು: ‘ನಮ್ಮವರು ಓದುವುದಿಲ್ಲ, ಏನು ಕೊಟ್ಟರೂ ಓದುವುದಿಲ್ಲ.’ ಈ ಮಾತು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತು, ಹಾಲಿನವನ ಚೀಟಿಯಲ್ಲಿ ಅರ್ಧ ಲೀಟರಿನ ತಪ್ಪನ್ನು ಹಿಡಿದವರು ಇವರು. ಕರೆಂಟಿನ ಬಿಲ್ಲು ಐವತ್ತು ರೂಪಾಯಿ ಹೆಚ್ಚು ಬಂದರೆ ಕಚೇರಿಗೆ ಹೋಗುವವರು. ತಮ್ಮ ದುಡ್ಡಿನ ಲೆಕ್ಕವನ್ನು ಓದುವ ಅಭ್ಯಾಸ ಇವರಿಗಿಂತ ಹೆಚ್ಚು ಯಾರಿಗಿದೆ? ಇವರಿಗೆ ದಕ್ಕುವ ಹಾಗೆ ನೀವು ಬರೆಯಲಿಲ್ಲ, ಅಷ್ಟೆ.

ಓದುಗನನ್ನು ಅರಿತು ಬರೆಯುವುದೆಂದರೆ ಏನೆಂದು ಇದೇ ಗಲ್ಲಾದವರು ಬಲ್ಲರು. ಹೋಟೆಲಿನ ಹುಡುಗರ ಪರವಾಗಿ ಊರಿಗೆ ಕಾಗದ ಬರೆಯುತ್ತಿದ್ದವರು ಅವರು. ಮನಿಯಾರ್ಡರಿನ ಅಡಿಯ ಕೂಪನ್ನಿನಲ್ಲಿ ಮೂರು ನಾಲ್ಕು ಸಾಲಿನ ಜಾಗ. ಅದನ್ನು ಅಂಚೆಯಣ್ಣ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ, ನೆರೆಮನೆಯವರು ಕೇಳುತ್ತಾರೆ, ತಾಯಿಗೆ ಜ್ವರದ ಸುದ್ದಿ ಹೇಳಬಾರದು, ಸಾಲ ತೀರಿಸಲು ಇಷ್ಟು, ತಂಗಿಗೆ ಇಷ್ಟು ಎಂಬುದು ಮಾತ್ರ ಸ್ಪಷ್ಟವಾಗಬೇಕು. ಓದುವವನು ಒಬ್ಬ, ಕೇಳುವವರು ಹಲವರು, ತಿಳಿಯಬೇಕಾದವಳು ಒಬ್ಬಳು ಎಂಬ ಲೆಕ್ಕವೆಲ್ಲ ಆ ಮೂರು ಸಾಲಿನಲ್ಲಿತ್ತು. ಮುಂಬಯಿಯ ದೊಡ್ಡ ಅಂಚೆಕಚೇರಿಯ ಎದುರಿಗೆ ಕುಳಿತು ಹಲವು ಭಾಷೆಯವರ ಕಾಗದ ಬರೆದುಕೊಟ್ಟವರ ವಿದ್ಯೆಯೂ ಇದೇ.

ಈಗ ನಮ್ಮ ಬಳಗದ ಕಡೆಗೆ ತಿರುಗುತ್ತೇನೆ, ಏಕೆಂದರೆ ಬಿಲ್ಡರನನ್ನು ಬೈಯುವುದು ಸುಲಭ ಮತ್ತು ಅವನು ಈ ಲೇಖನವನ್ನು ಓದುವವನಲ್ಲ. ಸಾಂತಾಕ್ರೂಜಿನ ಕಲೀನಾದಲ್ಲೇ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಬಿಲ್ಲವ ಭವನ ಇದೇ ಸಾಂತಾಕ್ರೂಜಿನಲ್ಲಿದೆ. ಆ ಸಂಘಟನೆಯವರೇ 1978ರಲ್ಲಿ ಭಾರತ್ ಬ್ಯಾಂಕನ್ನು ಕಟ್ಟಿದರು. ಹಣದ ವ್ಯವಹಾರ ನಮ್ಮ ಜನರಿಗೆ ನಿಲುಕಬೇಕು ಎಂಬ ಯೋಚನೆ ಈ ನೆಲದಲ್ಲಿ ಹೊಸದಲ್ಲ. ಪುಸ್ತಕ ಬಿಡುಗಡೆಗೆ, ಕವಿಗೋಷ್ಠಿಗೆ, ಅನುವಾದದ ಕಮ್ಮಟಕ್ಕೆ ನಮ್ಮಲ್ಲಿ ಬರವಿಲ್ಲ. ಮರಾಠಿಯ ಕತೆಯನ್ನು ಕನ್ನಡಕ್ಕೆ ತರುವವರು ನಮ್ಮಲ್ಲಿದ್ದಾರೆ, ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ 79ಎ ನಿರ್ದೇಶನವನ್ನು ಎರಡು ಪುಟದ ಕನ್ನಡದಲ್ಲಿ ತಂದ ಒಂದು ಹಾಳೆಯನ್ನೂ ನಾನು ಇಲ್ಲಿ ಕಂಡಿಲ್ಲ. ಅದು ಸಾಹಿತ್ಯವಲ್ಲ, ಗುಮಾಸ್ತಗಿರಿ ಎಂಬ ಭಾವನೆ ನಮ್ಮನ್ನು ತಡೆದಿದೆ. ಕಂಪನಿಯ ಆರೋಪಪತ್ರ, ಅಮಾನತು ಒಬ್ಬ ಮನುಷ್ಯನ ಒಳಗನ್ನು ಹೇಗೆ ಕಲಕುತ್ತದೆಂದು 1979ರಲ್ಲೇ ‘ಶಿಕಾರಿ’ ಬರೆದ ಯಶವಂತ ಚಿತ್ತಾಲರನ್ನು ನಾವು ಮುಂಬಯಿಯ ಹೆಮ್ಮೆ ಎನ್ನುತ್ತೇವೆ. ಆಫೀಸಿನ ಕಾಗದ ಜೀವ ಹಿಂಡಬಲ್ಲದು ಎಂದು ಕಾದಂಬರಿಯಲ್ಲಿ ಒಪ್ಪುವ ನಾವು ನೆರೆಯವನ ಕೈಯಲ್ಲಿರುವ ಕಾಗದವನ್ನು ಮುಟ್ಟುವುದಿಲ್ಲ.

ಕನ್ನಡದಲ್ಲಿದ್ದರೆ ಸಾಕು ಎಂದೂ ನಾನು ಹೇಳುತ್ತಿಲ್ಲ. ಊರಿನ ಕಚೇರಿಗಳ ‘ಸದರಿ’, ‘ಮೇಲ್ಕಾಣಿಸಿದ’, ‘ಹಕ್ಕುಖುಲಾಸೆ’ಗಳ ಕನ್ನಡವನ್ನು ಇಲ್ಲಿಗೆ ತಂದು ಸುರಿದರೆ ಹಿರಿಯ ಇಂಗ್ಲಿಷಿನಷ್ಟೇ ಅದಕ್ಕೂ ಹೆದರುತ್ತಾನೆ. ಅವನಿಗೆ ‘ಕಾರ್ಪೆಟ್’, ‘ಬಾಲ್ಕನಿ’, ‘ಪಾಗಡಿ’, ‘ಡಿಪಾಸಿಟ್’ ಗೊತ್ತು. ಅವನ್ನು ಹಾಗೆಯೇ ಬಿಡಬೇಕು. ಗೊತ್ತಿಲ್ಲದಿರುವುದು ‘ಯಾವ ದಿನದಿಂದ’ ಮತ್ತು ‘ಯಾವ ಅಳತೆಯಿಂದ’ ಎಂಬುದು. ಅವನ ಪಕ್ಕದ ಮನೆಯ ಗುಜರಾತಿ ವಿಧವೆಗೂ, ಮೇಲಿನ ಮಹಡಿಯ ಕೊಂಕಣಿ ಕ್ರೈಸ್ತರಿಗೂ ಗೊತ್ತಿಲ್ಲದ್ದು ಇದೇ, ಹಾಗಾಗಿ ಇದನ್ನು ಬರೀ ಕನ್ನಡದ ಜಗಳವೆಂದು ಯಾರೂ ತಿಳಿಯಬಾರದು. ನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಊರು ಇದು, ಕನ್ನಡವೂ ಅದರಲ್ಲೊಂದು. ಮಗುವಿಗೆ ಅದರ ಭಾಷೆಯಲ್ಲಿ ಪಾಠ ಹೇಳಬೇಕೆಂದು ಒಪ್ಪಿದ ಊರಿನಲ್ಲಿ ಮುದುಕನಿಗೆ ಅವನ ಮನೆಯ ಸಂಗತಿಯನ್ನು ಹೇಳಲು ಯಾಕೆ ಆಗದು?

ನಾನು ಕೇಳುವುದು ಹೆಚ್ಚಿಲ್ಲ. ಕರಾರಿಗೆ ಸಹಿ ಬೀಳುವ ಹದಿನಾಲ್ಕು ದಿನ ಮುಂಚೆ ಪ್ರತಿ ಸದಸ್ಯನಿಗೆ ಎರಡು ಪುಟದ ಹಾಳೆ, ಅವನ ಭಾಷೆಯಲ್ಲಿ. ಮೊದಲ ಪುಟದಲ್ಲಿ ಮೇಲಿನ ನಾಲ್ಕು ಪ್ರಶ್ನೆಗಳು, ಪ್ರತಿಯೊಂದರ ಕೆಳಗೆ ಉತ್ತರ, ಉತ್ತರದ ಪಕ್ಕದಲ್ಲಿ ಅದು ಕರಾರಿನ ಎಷ್ಟನೆಯ ಪುಟದಲ್ಲಿದೆ ಎಂಬ ಸಂಖ್ಯೆ. ಎರಡನೆಯ ಪುಟದಲ್ಲಿ ಕೆಟ್ಟ ಸಂಗತಿಗಳು ಮಾತ್ರ: ತಡವಾದರೆ, ಬಾಡಿಗೆ ನಿಂತರೆ, ಎತ್ತರಕ್ಕೆ ಅನುಮತಿ ಸಿಗದಿದ್ದರೆ. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಮೂವರು ಸದಸ್ಯರನ್ನು ಎಬ್ಬಿಸಿ ಅವರ ಮಾತಿನಲ್ಲಿ ತಿರುಗಿ ಹೇಳಿಸಬೇಕು, ಅದೂ ವಿಡಿಯೋದಲ್ಲಿ ದಾಖಲಾಗಲಿ. ಹಾಳೆ ಬರೆಯುವ ಕೆಲಸ ನಮ್ಮ ಬಳಗದ್ದು, ಕಲೀನಾದ ವಿದ್ಯಾರ್ಥಿಗಳದ್ದು. ಒಂದು ಸೊಸೈಟಿಗೆ ಎರಡು ಭಾನುವಾರ ಸಾಕು.

ಇದನ್ನು ಒಬ್ಬ ವಕೀಲ ಮಿತ್ರರಿಗೆ ಹೇಳಿದಾಗ ಅವರು ಕೂಡಲೇ ಕೇಳಿದರು: ಕನ್ನಡದ ಹಾಳೆಗೂ ಇಂಗ್ಲಿಷಿನ ಕರಾರಿಗೂ ವ್ಯತ್ಯಾಸ ಬಂದರೆ ಯಾವುದು ಊರ್ಜಿತ? ಇಂಗ್ಲಿಷಿನದೇ ಊರ್ಜಿತ, ಒಪ್ಪಿದೆ. ಆ ಮಾತನ್ನೂ ಅದೇ ಹಾಳೆಯ ತಲೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಓದಿದ ಹಿರಿಯ ಆ ಎರಡನ್ನೂ ಒಟ್ಟಿಗಿಟ್ಟು ನೋಡಬಲ್ಲ ಯಾರನ್ನಾದರೂ ಸಹಿ ಹಾಕುವ ಮುನ್ನ ಹುಡುಕಿಕೊಂಡು ಹೋಗುತ್ತಾನೆ.